20 ನಿಮಿಷದ ಕೆಲಸ: 64 ಎಂಬಿ ಫೈಲು, ಎರಡು ಮೋಡೆಮ್, ಒಂದು ಸ್ಕೂಟರ್

1999ರ ಅಕ್ಟೋಬರ್ 26, ಮಂಗಳವಾರ ರಾತ್ರಿ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ನಾನು ಕೆಲಸಕ್ಕಿದ್ದ ಡಿಟಿಪಿ ಅಂಗಡಿಯಿಂದ (ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಅಂಗಡಿ) ರಾಜಾಜಿನಗರದ ಒಂದು ಔಟ್‌ಪುಟ್ ಸೆಂಟರಿಗೆ (ಆ ಪುಟಗಳಿಂದ ಅಚ್ಚಿನ ಪ್ಲೇಟಿಗೆ ಬೇಕಾದ ಫಿಲ್ಮ್ ತೆಗೆದುಕೊಡುವ ಜಾಗ) 64 ಎಂಬಿಯ ಒಂದು ಫೈಲು ಹೋಗಬೇಕಿತ್ತು. ಮಧ್ಯೆ ಇರುವ ದೂರ ಆರು ಕಿಲೋಮೀಟರ್ ಆಸುಪಾಸು. ಇವತ್ತು ಇಷ್ಟು ದೊಡ್ಡ ಫೈಲು ಮೊಬೈಲಿಂದ ಮೊಬೈಲಿಗೆ ಹೋದರೆ ನಮ್ಮ ಗಮನಕ್ಕೂ ಬರುವುದಿಲ್ಲ. ಅವತ್ತು ಅದಕ್ಕೆ ನಡುರಾತ್ರಿ ದಾಟಿತು. ಯಾವುದು ಎಷ್ಟು ಹೊತ್ತು ತಿಂದಿತು ಅನ್ನುವುದನ್ನು ಆಗಲೇ ಕೆಲಸದ ಡೈರಿಯಲ್ಲಿ ಗಂಟೆ ನಿಮಿಷದ ಸಮೇತ ಬರೆದಿಟ್ಟಿದ್ದೆ. ಆ ಡೈರಿ ಈಗಲೂ ನನ್ನ ಹತ್ತಿರ ಇದೆ.

ಹಳೇ ಮೋಡೆಮ್ (ಫೋನ್ ಲೈನಿನಲ್ಲಿ ಫೈಲು ಕಳಿಸುವ ಪೆಟ್ಟಿಗೆ), ಫ್ಲಾಪಿ, ಜಿಪ್ ಡಿಸ್ಕ್ (ಫ್ಲಾಪಿಗಿಂತ ಎಷ್ಟೋ ಪಟ್ಟು ಹಿಡಿಸುವ ಡಿಸ್ಕ್), ಸಿಡಿ ಇವುಗಳ ವೇಗದ ಮಾತು ಬಂದಾಗಲೆಲ್ಲ ಜನ ಡಬ್ಬದ ಮೇಲೆ ಅಚ್ಚಾದ ಸಂಖ್ಯೆಯನ್ನೇ ಹೇಳುತ್ತಾರೆ. ನನ್ನ ಮಟ್ಟಿಗೆ ಅದು ಅರ್ಧ ಮಾತು. ಈ ಮೇಜಿನ ಮೇಲಿದ್ದ ಫೈಲು ಆ ಮೇಜಿನ ಮೇಲೆ ಸರಿಯಾಗಿ ತೆರೆದುಕೊಳ್ಳುವ ತನಕ ಎಷ್ಟು ಹೊತ್ತಾಯಿತು, ನನಗೆ ಅದೇ ವೇಗ. ಮೇಜಿಂದ ಮೇಜಿಗೆ ಅಂತ ನಾವು ಅಂಗಡಿಯಲ್ಲಿ ಅನ್ನುತ್ತಿದ್ದೆವು. ಆ ಒಂದು ರಾತ್ರಿಯನ್ನೇ ಹಿಡಿದು ಇದನ್ನು ಬಿಡಿಸಿ ಹೇಳುತ್ತೇನೆ.

ಕೆಲಸ ಏನಿತ್ತು

ಒಂದು ಕನ್ನಡ ಸಂಘದ ರಾಜ್ಯೋತ್ಸವ ಸಂಚಿಕೆ. ಒಳಗೆ 96 ಪುಟ ಕಪ್ಪು ಬಿಳುಪು, ಹೊರಗೆ ನಾಲ್ಕು ಬಣ್ಣದ ಮುಖಪುಟ ಮತ್ತು ಹಿಂಪುಟ. ನವೆಂಬರ್ 1, ಸೋಮವಾರ ಬಿಡುಗಡೆ. ಪ್ಲೇಟು, ಪ್ರಿಂಟಿಂಗು, ಬೈಂಡಿಂಗು ಎಲ್ಲಕ್ಕೂ ದಿನ ಬಿಟ್ಟು ಹಿಂದಕ್ಕೆ ಎಣಿಸಿದರೆ ಬುಧವಾರ ಬೆಳಗ್ಗೆ ಫಿಲ್ಮ್ ಕೈಗೆ ಬರಲೇಬೇಕಿತ್ತು. ರಾಜ್ಯೋತ್ಸವದ ಹೊತ್ತಿಗೆ ಎಲ್ಲರದ್ದೂ ಇದೇ ಗಡಿಬಿಡಿ, ಔಟ್‌ಪುಟ್ ಸೆಂಟರಿನಲ್ಲಿ ಹಗಲು ಜಾಗವೇ ಇರಲಿಲ್ಲ. ನಮಗೆ ಸಿಕ್ಕಿದ್ದು ರಾತ್ರಿ 2ರಿಂದ ಬೆಳಗ್ಗೆ 6ರ ತನಕ.

ಫೈಲು ಯಾಕೆ ಅಷ್ಟು ದಪ್ಪ ಅಂದರೆ, ಮುಖಪುಟ ಎ4 ಅಳತೆ, 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕೆ. ಅಗಲಕ್ಕೆ 2480 ಚುಕ್ಕೆ, ಎತ್ತರಕ್ಕೆ 3508 ಚುಕ್ಕೆ, ನಾಲ್ಕು ಬಣ್ಣಕ್ಕೆ ಚುಕ್ಕೆಗೆ 4 ಬೈಟ್. ಗುಣಿಸಿ ನೋಡಿ, ಸುಮಾರು 33 ಎಂಬಿ ಬರುತ್ತದೆ. ಮುಂದೆ ಹಿಂದೆ ಸೇರಿ 66. ಒಳಪುಟಗಳ ಪೇಜ್‌ಮೇಕರ್ (ಪುಟ ಕಟ್ಟುವ ತಂತ್ರಾಂಶ) ಫೈಲು, ಫೋಟೊಗಳು, ಕನ್ನಡ ಫಾಂಟುಗಳು ಇನ್ನೊಂದು 22. ಒಟ್ಟು 88 ಎಂಬಿಯನ್ನು ಕುಗ್ಗಿಸಿ ಒಂದೇ ಕಟ್ಟು ಮಾಡಿದೆ. 64ಕ್ಕೆ ಇಳಿಯಿತು. ಫೋಟೊ ಇರುವ ಫೈಲು ಅಷ್ಟಾಗಿ ಕುಗ್ಗುವುದಿಲ್ಲ, ಮುಖಪುಟಗಳೇ ಅದರಲ್ಲಿ 50 ಎಂಬಿ ಹಿಡಿದುಕೊಂಡಿದ್ದವು, ಒಳಪುಟಗಳ ಪಾಲು ಬರೀ 14.

ಅಷ್ಟರಲ್ಲಾಗಲೇ ನಮ್ಮ ಯಜಮಾನರು ಎಸ್.ಪಿ. ರೋಡಿನಿಂದ ಎರಡು 56ಕೆ ಮೋಡೆಮ್ ತಂದಿದ್ದರು. ಒಂದು ನಮಗೆ, ಒಂದು ಔಟ್‌ಪುಟ್ ಸೆಂಟರಿಗೆ. ನಡುವೆ ಇಂಟರ್ನೆಟ್ ಇಲ್ಲ, ನಾವು ಅವರ ನಂಬರಿಗೆ ಡಯಲ್ ಮಾಡುವುದು, ಅವರ ಮೋಡೆಮ್ ಎತ್ತಿಕೊಳ್ಳುವುದು, ಫೈಲು ನೇರ ಹೋಗುವುದು. ಯಜಮಾನರ ಲೆಕ್ಕ ಹೀಗಿತ್ತು: 64 ಎಂಬಿ ಅಂದರೆ 65,536 ಕೆಬಿ. ಮೋಡೆಮ್ ಸೆಕೆಂಡಿಗೆ 56 ಕೆ. ಭಾಗಿಸಿದರೆ 1170 ಸೆಕೆಂಡು. "20 ನಿಮಿಷದ ಕೆಲಸ ಕಣಪ್ಪ, ಊಟ ಮುಗಿಸಿ ಬರೋದರೊಳಗೆ ಹೋಗಿರುತ್ತೆ" ಅಂದರು. ನಾನೂ ತಲೆಯಾಡಿಸಿದೆ. ಮಧ್ಯಾಹ್ನ ಒಂದು ಪರೀಕ್ಷೆ ಬೇರೆ ಮಾಡಿದ್ದೆವು, 300 ಕೆಬಿಯ ಬರೀ ಅಕ್ಷರಗಳ ಫೈಲೊಂದನ್ನು ಕಳಿಸಿದಾಗ ಪರದೆಯ ಮೇಲೆ ಸೆಕೆಂಡಿಗೆ 8000 ಬೈಟ್ ಮೇಲೆ ತೋರಿಸಿ ಮುಕ್ಕಾಲು ನಿಮಿಷದೊಳಗೆ ಮುಗಿದಿತ್ತು, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಆ ಪರೀಕ್ಷೆಯೇ ನಮ್ಮನ್ನು ದಾರಿ ತಪ್ಪಿಸಿತು. ಯಾಕೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಆ ರಾತ್ರಿ

9:40ಕ್ಕೆ ಡಯಲ್ ಮಾಡಿದೆ. ಆ ಸದ್ದು ಕೇಳಿದವರಿಗೆ ಗೊತ್ತು, ಮೊದಲು ಸಿಳ್ಳೆ, ಆಮೇಲೆ ಎರಡು ಕಡೆಯವರೂ ಒಟ್ಟಿಗೆ ಕಿರುಚಿದ ಹಾಗೆ, ಆಮೇಲೆ ನೀರು ಸುರಿದ ಹಾಗೆ ಒಂದು ಸದ್ದು, ಥಟ್ಟನೆ ಮೌನ. ಕನೆಕ್ಟ್ ಆಯಿತು. ಪರದೆ ಮೇಲೆ 115200 ಅಂತ ಬಂತು. ಅದನ್ನು ನೋಡಿ ಯಜಮಾನರು ಇನ್ನೂ ಖುಷಿಯಾದರು. ಆದರೆ ಅದು ಕಂಪ್ಯೂಟರಿಗೂ ಪಕ್ಕದಲ್ಲೇ ಕೂತ ಮೋಡೆಮ್‌ಗೂ ನಡುವಿನ ವೈರಿನ ವೇಗ, ಒಂದೂವರೆ ಮೀಟರ್ ವೈರು. ಫೋನ್ ಲೈನಿನ ವೇಗ ತೋರಿಸು ಅಂತ ಮೋಡೆಮ್‌ಗೆ ಬೇರೆಯಾಗಿ ಆದೇಶ ಕೊಡಬೇಕು. ನಾನು ಕೊಟ್ಟಿರಲಿಲ್ಲ.

10 ಗಂಟೆಗೆ ನೋಡಿದರೆ 3.7 ಎಂಬಿ ಹೋಗಿತ್ತು. ಫೈಲು ಕಳಿಸುವ ಕಿಟಕಿಯಲ್ಲಿ ಸಿಪಿಎಸ್ ಅಂತ ಒಂದು ಅಂಕೆ ಇರುತ್ತದೆ, ಸೆಕೆಂಡಿಗೆ ಎಷ್ಟು ಬೈಟ್ ಹೋಗುತ್ತಿದೆ ಅಂತ. ಅದು 3200ರ ಆಸುಪಾಸಿನಲ್ಲೇ ಕುಣಿಯುತ್ತಿತ್ತು. ಪೆನ್ನು ತೆಗೆದುಕೊಂಡು ಲೆಕ್ಕ ಹಾಕಿದೆ. ಗಂಟೆಗೆ 11 ಎಂಬಿ. ಮುಗಿಯುವುದು ಬೆಳಗಿನ ಜಾವ 3:30ಕ್ಕೆ.

ನಮಗಿದ್ದದ್ದು ಒಂದೇ ಫೋನ್ ಲೈನು. ಔಟ್‌ಪುಟ್ ಸೆಂಟರಿಗೆ ಮಾತಾಡಬೇಕೆಂದರೆ ಮೋಡೆಮ್ ಕತ್ತರಿಸಬೇಕು. ಅದಕ್ಕೇ ಯಜಮಾನರು ಮೂಲೆಯ ಎಸ್‌ಟಿಡಿ ಬೂತಿಗೆ ಹೋದರು. ರಾತ್ರಿ ಎಸ್‌ಟಿಡಿ ದರ ಇಳಿಯುವ ಹೊತ್ತು, ಊರಿಗೆ ಫೋನ್ ಮಾಡುವವರ ಸಾಲು. ಕಾದು, ಸೆಂಟರಿನ ಇನ್ನೊಂದು ನಂಬರಿಗೆ ಮಾತಾಡಿ ಬಂದರು. ಅಲ್ಲಿ ರಾತ್ರಿ ಪಾಳಿಯ ಅಣ್ಣ ಒಳ್ಳೆಯವರು, ಕನ್ನಡ ಪುಸ್ತಕಗಳ ಫಿಲ್ಮ್ ತೆಗೆದೂ ತೆಗೆದೂ ನುರಿತವರು. 3:30ಕ್ಕೆ ಬಂದರೂ ಹೇಗೋ ಮಾಡಿಕೊಡುತ್ತೇನೆ, ಬರಲಿ ಬಿಡಿ ಅಂದರಂತೆ. ಹಾಗೇ ಬಿಟ್ಟೆವು.

ಅದೇ ನಾವು ಅವತ್ತು ಮಾಡಿದ ನಿಜವಾದ ತಪ್ಪು. 56ರ ಲೆಕ್ಕ ತಪ್ಪಿದ್ದು ದೊಡ್ಡದಲ್ಲ, ಗೊತ್ತಿರಲಿಲ್ಲ. ಆದರೆ 10 ಗಂಟೆಗೆ ನಿಜವಾದ ಅಂಕೆ ಕಣ್ಣೆದುರೇ ಇತ್ತು. ಆಗಲೇ ಮೋಡೆಮ್ ನಿಲ್ಲಿಸಿ ಬೇರೆ ದಾರಿ ಹಿಡಿದಿದ್ದರೆ 11:15ರೊಳಗೆ ಕೆಲಸ ಮುಗಿದಿರುತ್ತಿತ್ತು. ಶುರು ಮಾಡಿದ್ದನ್ನು ಬಿಡೋದು ಕಷ್ಟ, ಅಲ್ವಾ? ಅದೂ ಅಂಕೆ ಒಂದೊಂದೇ ಏರುತ್ತಿರುವಾಗ.

12 ಗಂಟೆ ಸುಮಾರಿಗೆ ಮಳೆ ಹಿಡಿಯಿತು. 12:10ಕ್ಕೆ ಲೈನು ಕಡಿದುಹೋಯಿತು. ಅಷ್ಟೊತ್ತಿಗೆ 27.5 ಎಂಬಿ ಹೋಗಿತ್ತು. ನಾವು ಬಳಸುತ್ತಿದ್ದದ್ದು ಜೆಡ್‌ಮೋಡೆಮ್ ಪದ್ಧತಿ, ಅದರಲ್ಲಿ ನಿಂತಲ್ಲಿಂದ ಮುಂದುವರಿಸಬಹುದು, ಅದಕ್ಕಾಗಿ ಆ ಪದ್ಧತಿ ಕಟ್ಟಿದವರಿಗೆ ಇವತ್ತಿಗೂ ಕೈ ಮುಗಿಯುತ್ತೇನೆ. ಮತ್ತೆ ಡಯಲ್ ಮಾಡಿದೆ. ಈ ಸಲ ಲೈನಿನ ವೇಗ ತೋರಿಸುವ ಆದೇಶ ಕೊಟ್ಟೇ ಮಾಡಿದೆ. 24000 ಅಂತ ಬಂತು. ಸಿಪಿಎಸ್ 2700. ಉಳಿದ 36.5 ಎಂಬಿಗೆ ಹೆಚ್ಚುಕಡಿಮೆ ನಾಲ್ಕು ಗಂಟೆ. ಅಂದರೆ 4:10. ಲೈನು ಮತ್ತೆ ಕಡಿಯದಿದ್ದರೆ ಮಾತ್ರ. 96 ಒಳಪುಟ, ಜೊತೆಗೆ ಬಣ್ಣದ ಮುಖಪುಟ ಹಿಂಪುಟದ ಫಿಲ್ಮ್ ಎರಡು ಗಂಟೆಯಲ್ಲಿ ಆಗುವ ಮಾತಲ್ಲ.

"ಸಾರ್, ಇದು ಆಗಲ್ಲ. ಮಹಡಿ ಮೇಲಿನ ಅಣ್ಣನ ಹತ್ರ ಜಿಪ್ ಡ್ರೈವ್ ಇದೆ, ಎಬ್ಬಿಸಲಾ?" ಅಂದೆ.

"ಎಬ್ಬಿಸು, ಎಬ್ಬಿಸು. ಬೈದರೆ ನಾನು ಬೈಸ್ಕೋತೀನಿ."

ಆ ಕಟ್ಟಡದ ಮಹಡಿ ಮೇಲೆ ಒಬ್ಬರು ಡಿಸೈನ್ ಕೆಲಸ ಮಾಡುತ್ತಿದ್ದರು, ಅಲ್ಲೇ ಮಲಗುತ್ತಿದ್ದರು. 12:15ಕ್ಕೆ ಬಾಗಿಲು ಬಡಿದೆ. ಅವರು ಬೈಯಲಿಲ್ಲ, ಲುಂಗಿ ಕಟ್ಟಿಕೊಳ್ಳುತ್ತಲೇ ಡ್ರೈವು, ಅದರ ಅಡಾಪ್ಟರು, ಎರಡು ಡಿಸ್ಕು ತೆಗೆದುಕೊಂಡು ಕೆಳಗಿಳಿದು ಬಂದರು. ನೀಲಿ ಡಬ್ಬ, ಅಂಗೈಯಷ್ಟಗಲ. ನಮ್ಮ ಲೇಸರ್ ಪ್ರಿಂಟರಿನ ಕೇಬಲ್ ಬಿಚ್ಚಿ ಆ ಜಾಗಕ್ಕೆ ಇದನ್ನು ಚುಚ್ಚಿ, ಡ್ರೈವರ್ ಹಾಕಿ, ಎರಡು ಸಲ ಕಂಪ್ಯೂಟರ್ ಮತ್ತೆ ಆನ್ ಮಾಡಿ, ಎಲ್ಲ ಸರಿಹೋಗುವಾಗ 12:42.

12:42ಕ್ಕೆ ಕಾಪಿ ಶುರು, 12:49ಕ್ಕೆ ಮುಗಿಯಿತು. ಇನ್ನೊಂದು 7 ನಿಮಿಷ ಹೋಲಿಸಿ ನೋಡುವುದಕ್ಕೆ, ಒಂದೊಂದು ಬೈಟೂ ಸರಿ ಇದೆಯಾ ಅಂತ. ಯಜಮಾನರಿಗೆ ಆ 7 ನಿಮಿಷ ತಡೆಯಲಾಗಲಿಲ್ಲ, ಆದರೂ ಮಹಡಿಯ ಅಣ್ಣ ಬಿಡಲಿಲ್ಲ. ಅವರೇ ಸರಿ. ರಾಜಾಜಿನಗರಕ್ಕೆ ಹೋದ ಮೇಲೆ ಓದಲಿಲ್ಲ ಅಂದರೆ ಇನ್ನೊಂದು ಗಂಟೆ ಮುಳುಗುತ್ತಿತ್ತು. ಡಿಸ್ಕನ್ನು ತೊಳೆದು ಒಣಗಿಸಿಟ್ಟಿದ್ದ ನಂದಿನಿ ಹಾಲಿನ ಕವರಿನೊಳಗೆ ಹಾಕಿ, ಬಾಯಿ ಮಡಚಿ, ಮೇಲೆ ಇನ್ನೊಂದು ಕವರ್ ಹಾಕಿ ರಬ್ಬರ್ ಬ್ಯಾಂಡ್ ಸುತ್ತಿ ಅಂಗಿಯ ಒಳಗಿಟ್ಟುಕೊಂಡೆ. 12:58ಕ್ಕೆ ಯಜಮಾನರ ಸ್ಕೂಟರ್. ಬಿನ್ನಿಮಿಲ್ ದಾಟಿ ಮಾಗಡಿ ರೋಡ್ ಹಿಡಿದು ಹೋಗುವಾಗ ರಸ್ತೆಯಲ್ಲಿ ನೀರು, ನಾಯಿ, ನಾನು. 1:20ಕ್ಕೆ ತಲುಪಿದೆ. ಅಲ್ಲಿ ಕಂಪ್ಯೂಟರಿನೊಳಗೇ ಕೂರಿಸಿದ್ದ ಜಿಪ್ ಡ್ರೈವು, ಸ್ಕಸಿ ಕಾರ್ಡಿನದು, ನಮ್ಮ ಪ್ರಿಂಟರ್ ಕೇಬಲ್ಲಿನ ಜೋಡಣೆಗಿಂತ ವೇಗದ್ದು. ಎರಡೇ ನಿಮಿಷಕ್ಕೆ ಎಳೆದುಕೊಂಡಿತು. 1:24ಕ್ಕೆ ಫೈಲು ಅವರ ಡಿಸ್ಕಿನಲ್ಲಿತ್ತು. 1:35ಕ್ಕೆ ಮುಖಪುಟ ಪರದೆ ಮೇಲೆ.

20 ನಿಮಿಷ ಹೇಗೆ 6 ಗಂಟೆ ಆಯಿತು

ಈಗ ಲೆಕ್ಕ. ಇದೇ ಈ ಪ್ರಕರಣದ ತಿರುಳು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲನೇ ಏಟು ಬಿಟ್ ಮತ್ತು ಬೈಟ್. ಫೈಲಿನ ಅಳತೆ ಬೈಟಿನಲ್ಲಿ, ಮೋಡೆಮ್ ವೇಗ ಬಿಟ್‌ನಲ್ಲಿ. 8 ಬಿಟ್ ಸೇರಿದರೆ 1 ಬೈಟ್. 64 ಎಂಬಿ ಅಂದರೆ 53 ಕೋಟಿ 68 ಲಕ್ಷ ಬಿಟ್. ಅದನ್ನು 56,000ದಿಂದ ಭಾಗಿಸಿ, 2 ಗಂಟೆ 40 ನಿಮಿಷ. ಇಲ್ಲಿಗೇ ಯಜಮಾನರ 20 ನಿಮಿಷ ಎಂಟು ಪಟ್ಟಾಯಿತು. ಈ ಗೊಂದಲ ಇವತ್ತಿಗೂ ಹೋಗಿಲ್ಲ, ಬ್ರಾಡ್‌ಬ್ಯಾಂಡ್ 100 ಅಂತ ಹಾಕಿಸಿಕೊಂಡು ಡೌನ್‌ಲೋಡ್ 12 ತೋರಿಸುತ್ತಿದೆ ಅಂತ ಕೇಳುವವರು ನನಗೆ ವಾರಕ್ಕೊಬ್ಬರು ಸಿಗುತ್ತಾರೆ.

ಎರಡನೇದು 56 ಅನ್ನುವ ಅಂಕೆಯೇ. ಇದನ್ನು ಅರ್ಥ ಮಾಡಿಕೊಳ್ಳೋದಕ್ಕೆ ಎಕ್ಸ್‌ಚೇಂಜ್ ಏನು ಮಾಡುತ್ತದೆ ಅಂತ ನೋಡಬೇಕು. ಡಿಜಿಟಲ್ ಎಕ್ಸ್‌ಚೇಂಜು ಫೋನಿನ ದನಿಯನ್ನು ಸೆಕೆಂಡಿಗೆ 8000 ಸಲ ಅಳೆದು, ಪ್ರತಿ ಅಳತೆಯನ್ನೂ 8 ಬಿಟ್‌ನಲ್ಲಿ ಬರೆಯುತ್ತದೆ. ಅಂದರೆ ಒಂದು ಕರೆಗೆ 64,000 ಬಿಟ್. ಹೀಗೆ ಬರೆಯುವಾಗ ಪ್ರತಿ ಅಳತೆಯನ್ನೂ ಹತ್ತಿರದ ಅಂಕೆಗೆ ಸರಿಸಬೇಕಾಗುತ್ತದೆ, ಅಂಗಡಿಯವರು ಚಿಲ್ಲರೆ ಇಲ್ಲ ಅಂತ ರೂಪಾಯಿಗೆ ಸರಿಸಿದ ಹಾಗೆ. ಮಾತಾಡುವಾಗ ಆ ವ್ಯತ್ಯಾಸ ಕಿವಿಗೆ ಗೊತ್ತೇ ಆಗುವುದಿಲ್ಲ. ಮೋಡೆಮ್‌ಗೆ ಮಾತ್ರ ಅದು ಗದ್ದಲ. ಆ ಗದ್ದಲದ ನಡುವೆ ವಿ.34 ಅನ್ನುವ ಮಾನದಂಡದ ಮೋಡೆಮ್‌ಗಳು ಮೊದಲು 28,800, ಆಮೇಲೆ 1996ರಲ್ಲಿ 33,600ರ ತನಕ ಏರಿ ನಿಂತವು. ಅದರಾಚೆಗೆ ಹೋಗುವುದಕ್ಕೆ ಹೆಚ್ಚು ಜಾಗ ಇರಲಿಲ್ಲ.

1998ರಲ್ಲಿ ಬಂದ ವಿ.90 ಈ ಗೋಡೆಯನ್ನು ಒಂದು ಕಡೆಯಿಂದ ಮಾತ್ರ ದಾಟಿತು. ಇಂಟರ್ನೆಟ್ ಕೊಡುವವರ ಉಪಕರಣ ಎಕ್ಸ್‌ಚೇಂಜಿಗೆ ನೇರ ಡಿಜಿಟಲ್ ಲೈನಿನಲ್ಲೇ ಸೇರಿರುತ್ತದೆ. ಅಲ್ಲಿಂದ ನಮ್ಮ ಕಡೆ ಬರುವಾಗ ಅಳೆದು ಸರಿಸುವ ಕೆಲಸವೇ ಇಲ್ಲ, ಹಾಗಾಗಿ 8 ಬಿಟ್‌ನಲ್ಲಿ 7 ಬಿಟ್ ಬಳಸಿಕೊಳ್ಳಬಹುದು. 8000 ಗುಣಿಸು 7, 56,000. ಆ ಸಂಖ್ಯೆ ಬಂದದ್ದು ಹೀಗೆ. ನಮ್ಮ ಕಡೆಯಿಂದ ಅಲ್ಲಿಗೆ ಹೋಗುವಾಗ ಅದೇ ಹಳೇ 33,600. ಇನ್ನು ಎರಡು ಕಡೆಯೂ ಸಾಧಾರಣ ಫೋನ್ ಲೈನೇ ಇದ್ದರೆ, ನಮ್ಮಂತೆ ಅಂಗಡಿಯಿಂದ ಅಂಗಡಿಗೆ, 56 ಬರುವ ದಾರಿಯೇ ಇಲ್ಲ. ಒಂದು ಜೊತೆ 56ಕೆ ಮೋಡೆಮ್ ಒಂದಕ್ಕೊಂದು ಮಾತಾಡಿದರೆ ಅವು 33.6ರ ಮೋಡೆಮ್ ಅಷ್ಟೇ. ಇದು ಗೊತ್ತಿದ್ದರೆ ಯಜಮಾನರು ಎರಡು ಹಳೇ ಮೋಡೆಮ್ ತಂದು ದುಡ್ಡು ಉಳಿಸಬಹುದಿತ್ತು. 33,600ಕ್ಕೆ ನಮ್ಮ ಫೈಲಿನ ಹೊತ್ತು 4 ಗಂಟೆ 26 ನಿಮಿಷ.

ಮೂರನೇದು ಲೈನು. ನಮ್ಮದು ಹಳೇ ಕಟ್ಟಡ, ಫೋನ್ ವೈರು ಗೋಡೆ ಮೇಲೆ ಬಿಸಿಲು ಮಳೆ ಕಂಡದ್ದು, ನಡುವೆ ಅದೇ ಲೈನಿನಿಂದ ಯಜಮಾನರ ಮನೆಯ ಫೋನಿಗೆ ಹೋದ ಒಂದು ಪ್ಯಾರಲಲ್ ಕನೆಕ್ಷನ್. ಮೋಡೆಮ್‌ಗಳು ಶುರುವಿನಲ್ಲಿ ಕಿರುಚಿಕೊಳ್ಳುವುದು ಇದನ್ನು ಅಳೆಯೋದಕ್ಕೇ. ನಮ್ಮ ಲೈನು 28,800 ಒಪ್ಪಿತು. 5 ಗಂಟೆ 10 ನಿಮಿಷ. ಅದರ ಮೇಲೆ ತಪ್ಪು ಹುಡುಕುವ ಲೆಕ್ಕ, ಫೈಲನ್ನು ತುಣುಕು ಮಾಡಿ ಕಳಿಸುವ ಲೆಕ್ಕ, ಮತ್ತೆ ಕಳಿಸಿದ ತುಣುಕುಗಳು ಇವೆಲ್ಲ ಸೇರಿ 3600 ಬೈಟ್ ಆಗಬೇಕಿದ್ದದ್ದು 3200 ಆಯಿತು. 5 ಗಂಟೆ 50 ನಿಮಿಷ.

ಮಧ್ಯಾಹ್ನದ ಪರೀಕ್ಷೆಯಲ್ಲಿ 8000 ಯಾಕೆ ಬಂತು? ಮೋಡೆಮ್‌ನೊಳಗೇ ಕುಗ್ಗಿಸುವ ವ್ಯವಸ್ಥೆ ಇರುತ್ತದೆ, ವಿ.42ಬಿಸ್ ಅಂತ. ಬರೀ ಅಕ್ಷರದ ಫೈಲು ಸಿಕ್ಕಿದರೆ ಅದು ಚೆನ್ನಾಗಿ ಹಿಂಡುತ್ತದೆ. ಆದರೆ ಮೊದಲೇ ಕುಗ್ಗಿಸಿದ ಫೈಲನ್ನು ಮತ್ತೆ ಹಿಂಡಿದರೆ ಏನೂ ಇಳಿಯುವುದಿಲ್ಲ, ಹಿಂಡಿದ ನಿಂಬೆಹಣ್ಣಿನ ಹಾಗೆ. ಕಳಿಸಬೇಕಾದ ಸರಕಿನಲ್ಲೇ ಒಂದು ತುಣುಕನ್ನು ಹಿಡಿದು ಪರೀಕ್ಷೆ ಮಾಡಬೇಕಿತ್ತು. ಮುಖಪುಟದ 1 ಎಂಬಿ ಕಳಿಸಿ ನೋಡಿದ್ದರೆ 5 ನಿಮಿಷದಲ್ಲಿ ಸತ್ಯ ಹೊರಬೀಳುತ್ತಿತ್ತು.

ಇನ್ನೊಂದು ತಪ್ಪು ನನ್ನದೇ. ಎಲ್ಲವನ್ನೂ ಒಂದೇ ಕಟ್ಟು ಮಾಡಿದ್ದು. ಒಳಪುಟಗಳ 14 ಎಂಬಿ ಬೇರೆ ಕಟ್ಟಿ ಮೊದಲು ಬಿಟ್ಟಿದ್ದರೆ 11 ಗಂಟೆಯೊಳಗೆ ತಲುಪಿ, ಬಂದದ್ದನ್ನು ತೆರೆದು ನೋಡಿ ಸಿದ್ಧ ಮಾಡಿಕೊಳ್ಳುವುದಕ್ಕೆ ಸೆಂಟರಿನ ಅಣ್ಣನಿಗೆ ಬೇಕಾದಷ್ಟು ಹೊತ್ತಿರುತ್ತಿತ್ತು. ಒಂದೇ ಕಟ್ಟಾದ್ದರಿಂದ 27.5 ಎಂಬಿ ಹೋಗಿದ್ದರೂ ಅವರಿಗೆ ಒಂದು ಪುಟವೂ ಸಿಗಲಿಲ್ಲ.

ಸ್ಕೂಟರಿನ ವೇಗ

ಕಾಪಿ ಶುರುವಾದ 12:42ರಿಂದ ಅಲ್ಲಿ ಕಾಪಿ ಮುಗಿದ 1:24ರ ತನಕ 42 ನಿಮಿಷ. 64 ಎಂಬಿಯನ್ನು ಅಷ್ಟು ಸೆಕೆಂಡುಗಳಿಂದ ಭಾಗಿಸಿದರೆ ಸೆಕೆಂಡಿಗೆ 26,600 ಬೈಟ್, ಅಂದರೆ 2 ಲಕ್ಷ 13 ಸಾವಿರ ಬಿಟ್. ಮೋಡೆಮ್‌ನ ಎಂಟು ಪಟ್ಟು ಮೇಲೆ. ಅಣ್ಣನನ್ನು ಎಬ್ಬಿಸಿದ ಹೊತ್ತಿನಿಂದಲೇ ಲೆಕ್ಕ ಹಿಡಿಯಿರಿ ಅಂದರೆ 69 ನಿಮಿಷ, ಸುಮಾರು 1 ಲಕ್ಷ 30 ಸಾವಿರ ಬಿಟ್. ಆಗ ದೊಡ್ಡ ಕಂಪನಿಗಳು ಹಾಕಿಸಿಕೊಳ್ಳುತ್ತಿದ್ದ ಐಎಸ್‌ಡಿಎನ್ ಅನ್ನುವ ಡಿಜಿಟಲ್ ಫೋನ್ ಲೈನಿನ ಎರಡೂ ಚಾನೆಲ್ ಸೇರಿದರೆ 1 ಲಕ್ಷ 28 ಸಾವಿರ. ಮಳೆಯಲ್ಲಿ ನೆನೆದ ಒಂದು ಸ್ಕೂಟರ್ ಅದಕ್ಕೆ ಸಮ ನಿಂತಿತು. ಆಮೇಲೆ 2004ರಲ್ಲಿ ನಮ್ಮ ಸರ್ಕಾರದ ಬ್ರಾಡ್‌ಬ್ಯಾಂಡ್ ನೀತಿ ಬಂದಾಗ, ಬ್ರಾಡ್‌ಬ್ಯಾಂಡ್ ಅಂತ ಕರೆಯಬೇಕಾದರೆ ಕನಿಷ್ಠ 256 ಕಿಲೊಬಿಟ್ ಇರಬೇಕು ಅಂತ ಬರೆದರು. ಓದಿದ ತಕ್ಷಣ ನನಗೆ ನೆನಪಾದದ್ದು ಆ ಹಾಲಿನ ಕವರು.

ಜಿಪ್ ಬಿಟ್ಟು ಬೇರೆ ಏನಿತ್ತು ಅಂತ ಆಮೇಲೆ ಕೂತು ಒಂದೊಂದಾಗಿ ಲೆಕ್ಕ ಹಾಕಿದ್ದೆವು. ಫ್ಲಾಪಿ ನಮ್ಮ ಹತ್ತಿರ ಡಬ್ಬಗಟ್ಟಲೆ ಇತ್ತು. 1.44 ಎಂಬಿಯ ಫ್ಲಾಪಿಯಲ್ಲಿ ಫೈಲಿಗೆ ಸಿಗುವ ಜಾಗ 14,57,664 ಬೈಟ್. ನಮ್ಮ ಕಟ್ಟಿಗೆ 47 ಫ್ಲಾಪಿ ಬೇಕು. 47ನೆಯದರಲ್ಲಿ ಚೂರೇ ಚೂರು. ಫ್ಲಾಪಿಯನ್ನು ಎಲ್ಲರೂ ಆಮೆ ಅನ್ನುತ್ತಾರೆ, ಆದರೆ ಅದರ ತಟ್ಟೆ ನಿಮಿಷಕ್ಕೆ 300 ಸುತ್ತು, ಸುತ್ತಿಗೆ 18 ಸೆಕ್ಟರ್, ಸೆಕ್ಟರಿಗೆ 512 ಬೈಟ್, ಅಂದರೆ ಓದುತ್ತಿರುವಾಗ ಸೆಕೆಂಡಿಗೆ 46,080 ಬೈಟ್. ನಮ್ಮ ಮೋಡೆಮ್‌ನ 14 ಪಟ್ಟು! ಎರಡು ಬದಿ ಸೇರಿ 160 ಟ್ರ್ಯಾಕ್, ಟ್ರ್ಯಾಕಿಗೊಂದು ಸುತ್ತು, ಬೇಗ ಅಂದರೂ 32 ಸೆಕೆಂಡು ಬೇಕು, ನಿಜದಲ್ಲಿ ಒಂದು ನಿಮಿಷ. ಹೊತ್ತು ಹೋಗುವುದು ತೆಗೆಯೋದು, ಹಾಕೋದು, ಮೇಲೆ ನಂಬರ್ ಬರೆಯೋದರಲ್ಲಿ. ಬರೆಯಲು 70 ನಿಮಿಷ, ಅಲ್ಲಿ ಓದಲು 60, ದಾರಿ 22. ಎರಡೂವರೆ ಗಂಟೆ. ಇಷ್ಟಾದರೂ ಮೋಡೆಮ್‌ಗಿಂತ ಎರಡು ಪಟ್ಟು ಮೇಲೆ.

ಫ್ಲಾಪಿಯ ತೊಂದರೆ ವೇಗ ಅಲ್ಲ, ನಂಬಿಕೆ. ನೂರಕ್ಕೆ ಒಂದು ಕೆಡುತ್ತದೆ ಅಂತ ಇಟ್ಟುಕೊಳ್ಳಿ. ಒಂದು ಫ್ಲಾಪಿ ಒಯ್ಯುವವರಿಗೆ ಅದು ಲೆಕ್ಕಕ್ಕಿಲ್ಲ. 47 ಒಯ್ದರೆ ಎಲ್ಲವೂ ಸರಿ ಇರುವ ಸಾಧ್ಯತೆ ನೂರಕ್ಕೆ 62 ಮಾತ್ರ. ಒಂದೇ ಫೈಲನ್ನು 47ಕ್ಕೆ ಹಂಚಿದ ಸರಪಳಿ ಕಟ್ಟಿನಲ್ಲಿ 31ನೆಯದು ಓದದಿದ್ದರೆ ಉಳಿದ 46 ಇದ್ದೂ ಇಲ್ಲ. ಡಿಟಿಪಿಯವರೆಲ್ಲ ಇದನ್ನು ಒಂದಲ್ಲ ಒಂದು ದಿನ ಅನುಭವಿಸಿದ್ದೇವೆ.

ಸಿಡಿ ರೈಟರ್ ಆಗ ನಮ್ಮಲ್ಲಿರಲಿಲ್ಲ. ಸಿಡಿಯ ಲೆಕ್ಕ ಸುಲಭ, 1 ಎಕ್ಸ್ ಅಂದರೆ ಸೆಕೆಂಡಿಗೆ 150 ಕೆಬಿ, 74 ನಿಮಿಷಕ್ಕೆ 650 ಎಂಬಿ. 4 ಎಕ್ಸ್ ರೈಟರಿಗೆ ನಮ್ಮ ಫೈಲು ಎರಡು ನಿಮಿಷದ ಕೆಲಸ, ಶುರು ಕೊನೆ ಕಟ್ಟೋದಕ್ಕೆ ಇನ್ನೆರಡು. ಬರೆಯುವಾಗ ಕಂಪ್ಯೂಟರ್ ಒಂದು ಕ್ಷಣ ತಡವರಿಸಿದರೂ ಆಗಿನ ಸಿಡಿ ಹಾಳು, ಅದಕ್ಕೇ ಬರೆಯುವಾಗ ಮೌಸ್ ಕೂಡ ಮುಟ್ಟುತ್ತಿರಲಿಲ್ಲ. ಇನ್ನು ಹಾರ್ಡ್ ಡಿಸ್ಕನ್ನೇ ಬಿಚ್ಚಿ ಟವೆಲಿನಲ್ಲಿ ಸುತ್ತಿ ಒಯ್ಯುವವರೂ ಇದ್ದರು. ಅದರ ಕಾಪಿ ಕೆಲವೇ ಸೆಕೆಂಡು, ಆದರೆ ಸ್ಕ್ರೂ ಬಿಚ್ಚಿ, ಜಂಪರ್ ಬದಲಿಸಿ, ಅಲ್ಲಿ ಕೂರಿಸಿ, ಆ ಕಂಪ್ಯೂಟರ್ ಗುರುತಿಸುವ ತನಕ ಅರ್ಧ ಗಂಟೆ. ಸ್ಕೂಟರ್ ಒಂದು ಹಂಪ್ ಹಾರಿದರೆ ಅಂಗಡಿಯ ಸಮಸ್ತವೂ ಹೋಯಿತು. ನಾನು ಯಾವತ್ತೂ ಅದಕ್ಕೆ ಒಪ್ಪಲಿಲ್ಲ.

ಹಳೇ ಮೋಡೆಮ್‌ಗಳದ್ದೂ ಹೇಳಿಬಿಡುತ್ತೇನೆ. 1960ರ ದಶಕದ 300 ಬಿಟ್‌ನ ಮೋಡೆಮ್‌ನಲ್ಲಿ ಬೈಟಿಗೆ ಹಿಂದೊಂದು ಮುಂದೊಂದು ಬಿಟ್ ಸೇರಿ 10 ಬಿಟ್, ಅಂದರೆ ಸೆಕೆಂಡಿಗೆ 30 ಬೈಟ್. ನಮ್ಮ ಸಂಚಿಕೆ ಅದರಲ್ಲಿ ಹೋಗಲು 26 ದಿನ. 2400ಕ್ಕೆ ಮೂರು ದಿನದ ಮೇಲೆ. 9600ಕ್ಕೆ 19 ಗಂಟೆ. ಆ ಲೆಕ್ಕದಲ್ಲಿ ನಮ್ಮ 5 ಗಂಟೆ 50 ನಿಮಿಷ ದೊಡ್ಡ ಸಾಧನೆಯೇ. ಒಂದು ಜೊತೆ ತಾಮ್ರದ ತಂತಿ, ಅದೂ ಮಾತಾಡೋದಕ್ಕೆ ಅಂತ ಎಳೆದದ್ದು. 1948ರಿಂದ ದೂರವಾಣಿನಗರದಲ್ಲಿ ಟೆಲಿಫೋನ್ ಮಾಡಿದ ಊರು ನಮ್ಮದು, ಆ ತಂತಿಯ ಬಗ್ಗೆ ನನಗೆ ಇವತ್ತಿಗೂ ಗೌರವ ಇದೆ.

17ನೇ ಪುಟ

ಆ ಗೌರವಕ್ಕೆ ಇನ್ನೊಂದು ಕಾರಣ ಬುಧವಾರ ಬೆಳಗ್ಗೆ ಸಿಕ್ಕಿತು. 9 ಗಂಟೆಗೆ ಸೆಂಟರಿನಿಂದ ಫೋನ್. "ತಮ್ಮಾ, 17ನೇ ಪುಟದಲ್ಲಿ ಅರ್ಕಾವತ್ತು ಬಿದ್ದಿಲ್ಲ ನೋಡು. ಧರ್ಮ ಇರೋ ಕಡೆಯೆಲ್ಲ ಮ ಆದಮೇಲೆ ಡಬ್ಬಿ ಬಂದಿದೆ."

ಆ ಪುಟದ ಲೇಖನದ ಫಾಂಟು ಬೇರೆ, ಕಳಿಸುವಾಗ ನಾನು ಬಿಟ್ಟುಬಿಟ್ಟಿದ್ದೆ. ಅವರ ಹತ್ತಿರ ಅದೇ ಹೆಸರಿನ ಹಳೇ ಫಾಂಟ್ ಇತ್ತು, ಅದರಲ್ಲಿ ಅಕ್ಷರ ಕೂರಿಸಿದ ಜಾಗ ಬೇರೆ. ಯೂನಿಕೋಡ್ ನಮ್ಮ ಡಿಟಿಪಿಗೆ ಇನ್ನೂ ಬಂದಿರಲಿಲ್ಲ, ಒಂದೊಂದು ಕಂಪನಿಯ ಫಾಂಟಿನಲ್ಲಿ ಒಂದೊಂದು ಲೆಕ್ಕ. ಹಾಗಾಗಿ ಕನ್ನಡದ ಫೈಲು ತಲುಪಿತು ಅಂದರೆ ಬೈಟ್ ತಲುಪಿದ್ದಲ್ಲ, ಒತ್ತಕ್ಷರ ತಲುಪಬೇಕು. ನನ್ನ 42 ನಿಮಿಷದ ಲೆಕ್ಕ ಆ ಒಂದು ಪುಟದ ಮಟ್ಟಿಗೆ 8 ಗಂಟೆ ಆಯಿತು.

ಫಾಂಟು ಮತ್ತು ಪುಟ ಸೇರಿ 180 ಕೆಬಿ. ಈ ಸಲ ಸ್ಕೂಟರ್ ಕಡೆ ನೋಡಲೇ ಇಲ್ಲ. ಡಯಲ್ ಮಾಡಿ ಕಿರುಚಾಟ ಮುಗಿಯಲು ಅರ್ಧ ನಿಮಿಷ, ಕಳಿಸಲು ಒಂದು ನಿಮಿಷ. ಹಗಲಿನ ಮಾಗಡಿ ರೋಡಿನಲ್ಲಿ ಅಷ್ಟರೊಳಗೆ ಮೊದಲ ಸಿಗ್ನಲ್ಲೂ ದಾಟುತ್ತಿರಲಿಲ್ಲ. 11 ಗಂಟೆಗೆ 17ನೇ ಪುಟದ ಹೊಸ ಫಿಲ್ಮ್ ಕೈಗೆ ಬಂತು, ಬೆಳಕಿಗೆ ಹಿಡಿದು ನೋಡಿದೆವು, ಅರ್ಕಾವತ್ತು ಇದ್ದ ಕಡೆ ಇತ್ತು.

ಅವತ್ತು ಮಧ್ಯಾಹ್ನ ಯಜಮಾನರು ಕಾಗದ ಪೆನ್ನು ಹಿಡಿದು ಕೂತರು. ಸ್ಕೂಟರಿಗೆ ಫೈಲು ಸಣ್ಣದಾದರೂ ದೊಡ್ಡದಾದರೂ 42 ನಿಮಿಷ ಅಂತಲೇ ಹಿಡಿದರು. ಮೋಡೆಮ್ 42 ನಿಮಿಷದಲ್ಲಿ ಎಷ್ಟು ಕಳಿಸುತ್ತದೆ? 2520 ಸೆಕೆಂಡು ಗುಣಿಸು 3200, ಹತ್ತಿರ ಹತ್ತಿರ 8 ಎಂಬಿ. ಹಳೇ ಕ್ಯಾಲೆಂಡರಿನ ಹಿಂಬದಿಗೆ ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ ಬರೆದು ಫೋನಿನ ಮೇಲೆ ಅಂಟಿಸಿದರು: "8 ಎಂಬಿ ಒಳಗೆ ಫೋನು. ಮೇಲಾದರೆ ಗಾಡಿ."

2001ರಲ್ಲಿ ಅಂಗಡಿಗೆ 4 ಎಕ್ಸ್ ಸಿಡಿ ರೈಟರ್ ಬಂದಾಗ ಮತ್ತೆ ಲೆಕ್ಕ ಹಾಕಿದೆವು. ಬರೆಯೋದು, ನೋಡೋದು ಎಲ್ಲ ಬೇಗ ಆದರೂ ಹಗಲಿನ ದಾರಿಗೇ ಅರ್ಧ ಗಂಟೆ, ಹಾಗಾಗಿ 8 ಇದ್ದದ್ದು 7ಕ್ಕೆ ಇಳಿಯಿತು ಅಷ್ಟೇ. ಆದರೆ ಸಿಡಿ ತುಂಬಾ 650 ಎಂಬಿ ಹೇರಿಕೊಂಡು ಹೋದ ದಿನ ಎಲ್ಲ ಸೇರಿ 65 ನಿಮಿಷ ಹಿಡಿಯಿತು, ಸೆಕೆಂಡಿಗೆ 14 ಲಕ್ಷ ಬಿಟ್ ಹತ್ತಿರ. ಯಜಮಾನರು ಕ್ಯಾಲೆಂಡರ್ ಕಾಗದದ ಮೇಲಿನ 8ನ್ನು ಹೊಡೆದುಹಾಕಿ 7 ಬರೆದು, ಕೆಳಗೆ ಇನ್ನೊಂದು ಸಾಲು ಸೇರಿಸಿದರು: "ಫಾಂಟ್ ಹಾಕಿದೆಯಾ ನೋಡು."